ಒಂದು ಬೆರಳು ಹೆಚ್ಚಿಗೆ

ವಿಜಯಪುರದ ಸೊಲ್ಲಾಪುರ ರಸ್ತೆಯಲ್ಲಿ ಇನ್ನೂ ಚಹಾದಂಗಡಿಯ ಒಲೆಯೇ ಹೊತ್ತಿಲ್ಲ. ಗಾದಿ ಅಂಗಡಿಯ ಮುಚ್ಚಿದ ಶಟರಿನ ಮುಂದಿನ ಕಟ್ಟೆಯ ಮೇಲೆ ಆಳುದ್ದದ ಹಳದಿ ಫೋಮಿನ ದಿಮ್ಮಿಯೊಂದು ಮಲಗಿದೆ. ಅದರ ಪಕ್ಕದಲ್ಲಿ ರೇಣುಕವ್ವ ಸೆರಗು ಸಿಕ್ಕಿಸಿಕೊಂಡು, ಬರಿ ಸಿಮೆಂಟಿನ ಮೇಲೆ ಮೊಣಕಾಲೂರಿ ಕೂತಿದ್ದಾರೆ. ಗರಗಸದಂಥ ಹಲ್ಲಿರುವ ಮೊಳದುದ್ದದ ಚೂರಿಗೆ ಮೇಣದಬತ್ತಿಯ ತುಂಡನ್ನು ಎರಡು ಸಲ ತಿಕ್ಕುತ್ತಾರೆ. ಗೆರೆಯ ಗುಂಟ ಹಲಗೆ ಇಟ್ಟು ಚೂರಿಯನ್ನು ತಮ್ಮ ಕಡೆಗೆ ಸಾವಕಾಶ ಎಳೆಯುತ್ತಾರೆ. ನೋಡುನೋಡುತ್ತಲೇ ನಾಲ್ಕಿಂಚು ದಪ್ಪದ ಚೌಕವೊಂದು ದಿಮ್ಮಿಯಿಂದ ಬಿಡಿಸಿಕೊಂಡು ಪಕ್ಕಕ್ಕೆ ವಾಲುತ್ತದೆ.

"ಒತ್ತಬಾರದ್ರಿ," ಎನ್ನುತ್ತಾರೆ ಅವರು, ಕಣ್ಣು ಗೆರೆಯಿಂದ ಎತ್ತದೆ. "ಒತ್ತಿದ್ರ ಫೋಮ್ ಕುಗ್ಗತೈತಿ. ಕೊಯ್ದ ಮ್ಯಾಲೆ ನೋಡಿದ್ರ ಅಂಚಿನ ಹೊಟ್ಟಿ ಒಳಗ ಹೋಗಿರತೈತಿ. ಚೂರಿ ತಾನ ಹೋಗಬೇಕು, ನಾವು ಬರೇ ದಾರಿ ತೋರಸೂದು."

ನಲವತ್ತೇಳರ ರೇಣುಕವ್ವ ಹತ್ತೊಂಬತ್ತು ವರ್ಷಗಳಿಂದ ಹೀಗೆ ದಾರಿ ತೋರಿಸುತ್ತಲೇ ಇದ್ದಾರೆ. ನಸುಕಿನಲ್ಲೇ ಕೆಲಸ ಹಿಡಿಯಲು ಕಾರಣ ಸರಳ. ಅಂಗಡಿಯೊಳಗೆ ದಿಮ್ಮಿ ಹಿಡಿಸುವುದಿಲ್ಲ, ಹೊತ್ತೇರಿದ ಮೇಲೆ ಕಟ್ಟೆ ತುಂಬ ಮಂದಿ, ಲಾರಿಗಳ ಧೂಳು ಬೇರೆ. ಜತೆಗೆ ಗಾಳಿ. ಕೊಯ್ದಿಟ್ಟ ಫೋಮು ಒಮ್ಮೆ ಗಾಳಿಗೆದ್ದು ರಸ್ತೆ ದಾಟಿ, ಎದುರಿನ ಬಳೆ ಅಂಗಡಿಯೊಳಗೆ ನೆಟ್ಟಗೆ ಹೋಗಿ ನಿಂತಿತ್ತಂತೆ. "ಬಳಿ ಇಡಿಸಿಕೊಳ್ಳಾಕ ಹೋಗಿತ್ತೇನೋ," ಎಂದು ಈಗಲೂ ನಗುತ್ತಾರೆ.

ಮೊದಲೆಲ್ಲ ಅವರು ಕೊಯ್ಯುತ್ತಿದ್ದದ್ದು ಗಾದಿಗೆ. ಗಾದಿ ಹೊಲಿಯುವ ರಹಿಮಾಬಿಯ ಅಂಗಡಿಯಲ್ಲಿ ಅರಳೆ ತುಂಬಲು ಸೇರಿದವರು. ಅರಳೆ ಗಾದಿ ಕೇಳುವವರು ಕಡಿಮೆಯಾದಾಗ ರಹಿಮಾಬಿ ಧೈರ್ಯ ಮಾಡಿ ಒಂದು ಫೋಮಿನ ದಿಮ್ಮಿ ತರಿಸಿದರು. ತರಿಸಿದ್ದೇನೋ ಸರಿ, ಕೊಯ್ಯುವುದು ಹೇಗೆಂದು ಯಾರಿಗೂ ಗೊತ್ತಿಲ್ಲ! ರೇಣುಕವ್ವ ಮನೆಯಿಂದ ಈಳಿಗೆ ತಂದು ಕೂತರು. ಸಂಜೆ ಹೊತ್ತಿಗೆ ದಿಮ್ಮಿ ಹೆಗ್ಗಣ ಕಡಿದಂತಾಗಿತ್ತು. ಬೈಗುಳಕ್ಕೆ ತಯಾರಾಗಿ ನಿಂತವರಿಗೆ ರಹಿಮಾಬಿ ಅಂದದ್ದು ಒಂದೇ ಮಾತು: "ಇರ್ಲಿ ಬಿಡಬೇ, ತುಂಡೆಲ್ಲ ತಲದಿಂಬಿಗೆ ಆಗ್ತಾವ." ಅಂದಿನಿಂದ ಆ ಅಂಗಡಿಯಲ್ಲಿ ಒಂದು ಚೂರು ಫೋಮೂ ಕಸಕ್ಕೆ ಹೋಗಿಲ್ಲ. ರಹಿಮಾಬಿಗೆ ಈಗ ಕಣ್ಣು ಮಂದ. ಅಂಗಡಿ ನಡೆಸುವವರು ರೇಣುಕವ್ವನೇ.

ವಿಜಯಪುರದ ಏಪ್ರಿಲ್ ಬಿಸಿಲಿಗೆ ಯಾರ ಮುಲಾಜೂ ಇಲ್ಲ. ಮನೆಯ ಹಿತ್ತಲಲ್ಲಿ ಪತ್ರಾಸಿನ ಶೆಡ್ಡು ಹಾಕಿಕೊಂಡು ಹೊಲಿಗೆ, ಹಪ್ಪಳ, ಮೋಟಾರು ರಿಪೇರಿ ಎಂದು ಕೂತವರು ಮಧ್ಯಾಹ್ನ ಎದ್ದು ಓಡಬೇಕು. ಅಂಥ ಶೆಡ್ಡುಗಳ ತಗಡಿನ ಕೆಳಗೆ, ಕಬ್ಬಿಣದ ಪಟ್ಟಿಗಳ ನಡುವಿನ ಚೌಕಗಳಲ್ಲಿ ದಪ್ಪ ಫೋಮು ತುಂಬಿದರೆ ಅದು ಕಾವನ್ನು ಅಲ್ಲೇ ತಡೆಯುತ್ತದೆ. ಆರು ವರ್ಷದ ಹಿಂದೆ ತಿಕೋಟಾದ ಗಿರಾಕಿಯೊಬ್ಬರು ಕೇಳಿದರೆಂದು ಮಾಡಿಕೊಟ್ಟದ್ದು, ಈಗ ನಲವತ್ತೊಂದು ಶೆಡ್ಡುಗಳಾಗಿವೆ. ಬಬಲೇಶ್ವರದಲ್ಲಿ ಡೊಳ್ಳು ಬಿಗಿಯುವವರ ಕೋಣೆಗೂ ಫೋಮು ಹೊದಿಸಿದ್ದಾರೆ. ಅಲ್ಲಿ ಬಿಸಿಲಿನದಲ್ಲ, ಓಣಿಯವರ ಕಿವಿಯ ಪ್ರಶ್ನೆ.

ಬಂದವರಿಗೆಲ್ಲ ಹೂಂ ಅನ್ನುವವರೂ ಅಲ್ಲ. "ವೆಲ್ಡಿಂಗ್ ಬೆಸಗಿ ಹಾಕೋರು ಬಂದ್ರ ಒಲ್ಲೆ ಅಂತೇನಿ. ಕಿಡಿ ಬಿದ್ರ ಫೋಮು ನನ್ನ ಮಾತ ಕೇಳತೈತೇನ್ರಿ?"

ಅವರ ಕೈಚಳಕವೆಲ್ಲ ಇರುವುದು ಒಂದು ಬೆರಳಿನಲ್ಲಿ. ಎರಡು ಅಡಿಯ ಚೌಕಕ್ಕೆ ಸರಿಯಾಗಿ ಎರಡು ಅಡಿ ಕೊಯ್ದರೆ ಫೋಮು ನಿಲ್ಲದೆ ಜಾರಿ ಬೀಳುತ್ತದೆ. ಒಂದು ಬೆರಳು ಹೆಚ್ಚಿಗೆ ಬಿಟ್ಟರೆ ಅದು ತನ್ನನ್ನು ತಾನೇ ಒತ್ತಿಕೊಂಡು, ಮೊಳೆ ಅಂಟು ಯಾವುದೂ ಬೇಡದೆ ಕೂತುಬಿಡುತ್ತದೆ.

ಇಂದಿನ ಮೂವತ್ತಾರು ಚೌಕಗಳು ಅರಕೇರಿಯ ವಂದನಾ ಅವರ ಹೊಲಿಗೆ ಶೆಡ್ಡಿಗೆ. ವಂದನಾ ಶಾಲೆಯೊಂದಕ್ಕೆ ಇನ್ನೂರ ನಲವತ್ತು ಸಮವಸ್ತ್ರ ಒಪ್ಪಿಕೊಂಡಿದ್ದಾರೆ. ಮೇ ಮುಗಿಯುವುದರೊಳಗೆ ಕೊಡದಿದ್ದರೆ ಮುಂದಿನ ವರ್ಷದಿಂದ ಕೆಲಸ ಬೇರೆಯವರ ಪಾಲು. ಆದರೆ ಹನ್ನೆರಡರಿಂದ ನಾಲ್ಕರವರೆಗೆ ಶೆಡ್ಡಿನಲ್ಲಿ ಕತ್ತರಿ ಮುಟ್ಟಿದರೆ ಕೈ ಸುಡುತ್ತದೆ. ದಿನಾಲೂ ನಾಲ್ಕು ತಾಸು ಹೊಲಿಗೆ ಬಂದ್. ಹೀಗೇ ನಡೆದರೆ ಅರ್ಧ ಮಕ್ಕಳು ಹಳೆಯ ಅಂಗಿಯಲ್ಲೇ ಶಾಲೆಗೆ ಹೋಗಬೇಕಾದೀತು.

ಏಳು ಗಂಟೆಗೆ ಗಂಡ ಈರಯ್ಯನವರ ಮೂರು ಗಾಲಿಯ ಟಂಟಂಗೆ ಫೋಮು ಹೇರಿಯಾಗಿದೆ. ಹಿಂದಿನಿಂದ ನೋಡಿದವರಿಗೆ ಗಾಡಿ ಕಾಣದು. ಹಳದಿ ಗುಡ್ಡವೊಂದು ತಾನೇ ಹಾರ್ನ್ ಹೊಡೆದುಕೊಂಡು ಹೋಗುತ್ತಿದೆ.

ಅರಕೇರಿಯಲ್ಲಿ ಈರಯ್ಯ ಏಣಿ ಹತ್ತಿ ಮೊದಲ ಚೌಕವನ್ನು ಒತ್ತುತ್ತಾರೆ. ಅದು ಹಂಚಿನ ಮೇಲಿನ ರೊಟ್ಟಿಯಂತೆ ಉಬ್ಬುತ್ತದೆ. ಒಂದು ಮೂಲೆ ತಳ್ಳಿದರೆ ಇನ್ನೊಂದು ಹೊರಬರುತ್ತದೆ. ಜೋರಾಗಿ ಗುದ್ದಿದರೆ ಇಡೀ ಚೌಕವೇ ಕಳಚಿ ಅವರ ತಲೆಯ ಮೇಲೆ ಬೀಳುತ್ತದೆ.

"ನೋಡ್ರಿ, ನನಗ ಮುಂಡಾಸ ಸುತ್ತಾಕತ್ತಾಳ!" ಎನ್ನುತ್ತಾರೆ ಈರಯ್ಯ.

ರೇಣುಕವ್ವನಿಗೆ ನಗು ಬರುವುದಿಲ್ಲ. ಹತ್ತೊಂಬತ್ತು ವರ್ಷದ ಕೈ ತಪ್ಪಿತೇ? ಟೇಪು ಹಿಡಿದು ಚೌಕ ಅಳೆಯುತ್ತಾರೆ, ಫೋಮು ಅಳೆಯುತ್ತಾರೆ, ಮತ್ತೆ ಚೌಕ ಅಳೆಯುತ್ತಾರೆ. ಆಮೇಲೆ ಮೆಲ್ಲಗೆ ವಂದನಾ ಕಡೆ ತಿರುಗುತ್ತಾರೆ.

"ತಂಗಿ, ಅಳತಿ ಬರದು ಕಳಿಸಿದ್ದಿಯಲ್ಲ, ಅದರಾಗ ಹೊಲಿಗಿಗಂತ ಏನರೆ ಬಿಟ್ಟೀ?"

"ಬಿಡಬೇಕಲ್ರಿ ಅಕ್ಕಾ!" ವಂದನಾಗೆ ಪ್ರಶ್ನೆಯೇ ವಿಚಿತ್ರ. "ಎಲ್ಲಾ ಕಡೆ ಒಂದೊಂದ ಇಂಚು ಬಿಟ್ಟೇನಿ. ಬಿಡದಿದ್ರ ಬಿಗಿ ಆಗತೈತಲ್ರಿ?"

"ಯಪ್ಪಾ! ನೀ ಇಂಚು ಬಿಟ್ಟಿ, ನಾ ಅದರ ಮ್ಯಾಲೆ ಬೆರಳ ಬಿಟ್ಟೆ. ನಿನ್ನ ಶೆಡ್ಡಿಗೆ ಅಂಗಿ ಹೊಲಿಸಾಕತ್ತೀಯೇನ ತಂಗಿ?"

ಈಗ ಮೂವರೂ ನಗುತ್ತಾರೆ, ಕಣ್ಣಲ್ಲಿ ನೀರು ಬರುವಷ್ಟು. ಏಣಿಯ ಮೇಲಿದ್ದ ಈರಯ್ಯ ನಗುವ ಭರದಲ್ಲಿ ಏಣಿಯನ್ನೇ ಅಪ್ಪಿಕೊಂಡು ನಿಲ್ಲುತ್ತಾರೆ.

ನಕ್ಕರಾಯಿತೇ? ಬಿಸಿಲು ಕಾಯುವುದಿಲ್ಲ. ಮೂವತ್ತಾರು ಚೌಕಗಳನ್ನೂ ಎರಡು ಬದಿಯಲ್ಲಿ ಎರಡೆರಡು ಇಂಚು ಸವರಬೇಕು. ರೇಣುಕವ್ವ ಅಂಗಳದ ಬಂಡೆಯ ಮೇಲೆ ಮತ್ತೆ ಮೊಣಕಾಲೂರುತ್ತಾರೆ. ಮೇಣ, ಹಲಗೆ, ಚೂರಿ. ವಂದನಾ ಗೆರೆ ಹಾಕಿಕೊಟ್ಟಂತೆ ಅವರು ಕೊಯ್ಯುತ್ತಾರೆ. ಕೊಯ್ದಂತೆ ಈರಯ್ಯ ಮೇಲೇರಿಸುತ್ತಾರೆ. ಚೌಕಗಳು ಒಂದೊಂದಾಗಿ ತೆಪ್ಪಗೆ ಹೋಗಿ ಕೂರುತ್ತವೆ. ಹನ್ನೊಂದೂವರೆಗೆ ಕೊನೆಯದೂ ಕೂತಿತು. ಕೆಳಗೊಂದು ಬಟ್ಟೆ ಬಿಗಿದು, ಇಸ್ತ್ರಿಯ ಟೇಬಲ್ಲನ್ನು ಪಡಸಾಲೆಗೆ ಹೊರಡಿಸಿದರು ರೇಣುಕವ್ವ. "ಕಾಯೋ ಸಾಮಾನು ಒಳಗ ಬ್ಯಾಡ ತಂಗಿ," ಎಂದು ಎರಡೆರಡು ಸಲ ಹೇಳಿದರು. ಅಂಗಳದ ತುಂಬ ಹಳದಿ ಪಟ್ಟಿಗಳು ಉಳಿದವು.

ಊಟ ಮುಗಿಸಿ ಬೇವಿನ ನೆರಳಲ್ಲಿ ಕೂತರೆ ಒಂದು ಗಂಟೆ. ಎರಡೂ ಆಯಿತು. ರಸ್ತೆಯಲ್ಲಿ ನಾಯಿಯೂ ಕಾಣದು. ಆಗ ಶೆಡ್ಡಿನೊಳಗಿಂದ ಹೊಲಿಗೆ ಮಷಿನ್ನಿನ ಸದ್ದು ಶುರುವಾಗುತ್ತದೆ. ರೇಣುಕವ್ವ ತಟ್ಟನೆ ಕಿವಿಗೊಡುತ್ತಾರೆ. ಸದ್ದು ನಿಲ್ಲುವುದಿಲ್ಲ. ಹೋಗಿ ನೋಡಿದರೆ ಏನಾದರೂ ಕೆಟ್ಟೀತೆಂಬಂತೆ ಕೂತಲ್ಲೇ ಕೂತಿದ್ದಾರೆ. ಮುಖದಲ್ಲಿನ ಸಂತೋಷ ಮಾತ್ರ ಮುಚ್ಚಿಟ್ಟುಕೊಳ್ಳಲಾಗುತ್ತಿಲ್ಲ.

ಅರ್ಧ ತಾಸಿಗೆ ವಂದನಾ ಹೊರಬಂದು ಅವರ ಮುಂದೆ ಏನನ್ನೋ ಇಡುತ್ತಾರೆ. ಸಮವಸ್ತ್ರದ ನೀಲಿ ಬಟ್ಟೆಯ ಮಿಕ್ಕ ತುಂಡಿನಲ್ಲಿ ಹೊಲಿದ ಮೆತ್ತೆ. ಒಳಗೆ ತುಂಬಿರುವುದು ಮುಂಜಾನೆ ಸವರಿದ ಐದಾರು ಪಟ್ಟಿಗಳು.

"ಮೊಣಕಾಲಿಗ್ರಿ ಅಕ್ಕಾ. ಕಲ್ಲಿನ ಮ್ಯಾಲೆ ಹಂಗ ಊರಿಕೊಂಡು ಕೂತಿದ್ರಿ, ನೋಡಾಕ ಆಗಲಿಲ್ಲ."

ರೇಣುಕವ್ವ ಮೆತ್ತೆಯನ್ನು ಹಿಂದೆ ಮುಂದೆ ತಿರುವಿ ನೋಡುತ್ತಾರೆ. "ಊರ ಮಂದಿಗೆಲ್ಲ ಕೊಯ್ದೇನಿ. ನನಗಂತ ಒಂದ ತುಂಡ ತಗೋಬೇಕಂತ ತಲ್ಯಾಗ ಬಂದಿದ್ದಿಲ್ಲ ನೋಡ." ತಕ್ಷಣ ಕಸುಬು ನೆನಪಾಗಿ, ಹೊಲಿಗೆಯ ಅಂಚು ಹಿಡಿದು ಕೇಳುತ್ತಾರೆ: "ಎಷ್ಟು ಬಿಟ್ಟೀ?"

"ಬರೇ ಒಂದ ಬೆರಳ್ರಿ," ಎಂದು ವಂದನಾ ನಗುತ್ತಾರೆ.

ಮರುದಿನ ನಸುಕಿನಲ್ಲಿ ಸೊಲ್ಲಾಪುರ ರಸ್ತೆಯ ಕಟ್ಟೆಯ ಮೇಲೆ ನೀಲಿ ಮೆತ್ತೆ ಹಾಸಿದೆ. ರೇಣುಕವ್ವ ಅದರ ಮೇಲೆ ಮೊಣಕಾಲೂರಿ ನಿಡೋಣಿಯ ಯಾರದೋ ಶೆಡ್ಡಿಗೆ ಚೌಕ ಕೊಯ್ಯುತ್ತಿದ್ದಾರೆ. ಇನ್ನೇನು ಆಸೆಯಿದೆ ಎಂದು ಕೇಳಿದರೆ ಚೂರಿ ನಿಲ್ಲಿಸಿ, ತುಸು ಯೋಚಿಸುತ್ತಾರೆ.

"ಜೂನ್ ತಿಂಗಳಾಗ ಒಂದ ಮುಂಜಾನಿ ಅರಕೇರಿಗೆ ಹೋಗಬೇಕ್ರಿ. ಹುಡುಗ್ರು ಹೊಸಾ ಅಂಗಿ ಹಾಕ್ಕೊಂಡು ಸಾಲಿಗೆ ಹೋಗೂದನ್ನ ರಸ್ತಾದಾಗ ನಿಂತು ನೋಡಬೇಕು. ಯಾರಿಗೂ ಹೇಳಂಗಿಲ್ಲ ಬಿಡ್ರಿ. ಆದ್ರ ಆ ಅಂಗಿ ಒಳಗ ನಂದೂ ಒಂದ ಬೆರಳ ಐತಿ."