ಚಿಗವ್ವನ ಮಿರ್ಚಿ, ಚಿಗವ್ವನ ಹೀರೇಕಾಯಿ

ನನ್ನ ತಾಯಿಯ ತಂಗಿ, ನಾವೆಲ್ಲ ಚಿಗವ್ವ ಎಂದು ಕರೆಯುವವಳು, ಕಂಪ್ಲಿಯಲ್ಲಿ ಬಹಳ ವರ್ಷ ಒಗ್ಗರಣಿ-ಮಿರ್ಚಿ ಬಂಡಿ ಇಟ್ಟಿದ್ದಳು. ಮಂಡಕ್ಕಿ ನೆನೆಸಿ ಒಗ್ಗರಣೆ ಹಾಕುವುದು ಚಿಗಪ್ಪನ ಪಾಲು. ಮೆಣಸಿನಕಾಯಿ ಸೀಳಿ, ಹೂರಣ ತುಂಬಿ, ಕಡಲೆಹಿಟ್ಟಿನಲ್ಲಿ ಅದ್ದಿ ಎಣ್ಣೆಗೆ ಬಿಡುವುದು ಅವಳ ಪಾಲು. ಗದ್ದೆಗೆ ಹೋಗುವವರು, ರೈಸ್‌ಮಿಲ್ಲಿನವರು, ಗಂಗಾವತಿ ಬಸ್ಸಿಗೆ ಕಾಯುವವರು ಬಂಡಿಯ ಸುತ್ತ ನಿಂತು, ಬಾಯಿ ಸುಟ್ಟುಕೊಂಡರೂ ಬಿಡದೆ ತಿನ್ನುತ್ತಿದ್ದರು. ಒಲೆಯ ಮುಂದೆ ನಿಂತಷ್ಟು ಹೊತ್ತೂ ಅವಳ ಎಡಗೆನ್ನೆಯಲ್ಲಿ ಎಲೆ, ಅಡಿಕೆ, ತಂಬಾಕಿನ ಉಂಡೆ ಇರುತ್ತಿತ್ತು. ಹೊಗೆಗೂ ಶೆಕೆಗೂ ಅದೇ ತನಗೆ ಆಸರೆ ಎನ್ನುತ್ತಿದ್ದಳು.

ಆ ಕೆನ್ನೆಯೊಳಗೇ ಹುಣ್ಣಾಯಿತು. ಮಾಯಲಿಲ್ಲ. ಬಳ್ಳಾರಿಯಲ್ಲಿ ಆಪರೇಷನ್ ಮಾಡಿ ದವಡೆಯ ಒಂದು ಭಾಗ ತೆಗೆದರು. ಆಮೇಲೆ ಒಂದೂವರೆ ತಿಂಗಳು ಕರೆಂಟ್ ಕೊಟ್ಟರು. ನಮ್ಮ ಕಡೆ ರೇಡಿಯೇಷನ್ನಿಗೆ ಹಾಗೆಯೇ ಹೇಳುತ್ತಾರೆ. ಜೀವ ಉಳಿಯಿತು. ಆದರೆ ಬಾಯಿ ಎರಡು ಬೆರಳಿಗಿಂತ ಹೆಚ್ಚು ತೆರೆಯದಂತಾಯಿತು. ಖಾರ ಇರಲಿ, ಸಾರಿನಲ್ಲಿ ಒಂದು ಕಾಳುಮೆಣಸಿದ್ದರೂ ನಾಲಿಗೆಗೆ ಕೆಂಡ ಇಟ್ಟ ಹಾಗಾಗುತ್ತಿತ್ತು. ಎಡಗಡೆಯ ತುಟಿಗೆ ಸ್ಪರ್ಶ ತಿಳಿಯದೆ, ಉಂಡದ್ದು ಅವಳಿಗೆ ಗೊತ್ತಾಗುವ ಮೊದಲೇ ಗಲ್ಲಕ್ಕೆ ಇಳಿಯುತ್ತಿತ್ತು. ಬಂಡಿಯನ್ನು ಯಾರಿಗೋ ಕೊಟ್ಟರು. ಚಿಗಪ್ಪ ಒಂದು ಮಿಲ್ಲಿನಲ್ಲಿ ಚೀಲ ಹೊಲಿಯುವ ಕೆಲಸಕ್ಕೆ ಸೇರಿದ. ಚಿಗವ್ವ ಮದುವೆ, ತೊಟ್ಟಿಲು, ಹಬ್ಬ ಯಾವುದಕ್ಕೂ ಹೋಗುವುದನ್ನು ಬಿಟ್ಟಳು. ಕೇಳಿದರೆ, "ಮೈಯಾಗ ಹುಷಾರಿಲ್ಲ" ಎನ್ನುವಳು. ನಿಜವಾದ ಕಾರಣ ನಮಗೆಲ್ಲ ಗೊತ್ತಿತ್ತು. ನಾಲ್ಕು ಜನರ ಮುಂದೆ ಉಣ್ಣಲು ಅವಳಿಗೆ ನಾಚಿಕೆ.

ನಮ್ಮ ತಾಯಿಯ ಕಡೆಯ ನಾಲ್ಕು ಮನೆಯವರು ಪ್ರತಿ ಮೇ ತಿಂಗಳಲ್ಲಿ ಒಂದು ಭಾನುವಾರ ಒಬ್ಬರ ಮನೆಯಲ್ಲಿ ಸೇರುತ್ತೇವೆ. ಹೋದ ವರ್ಷ ಹೊಸಪೇಟೆಯ ನಮ್ಮ ಮನೆಯ ಪಾಳಿ. ನಾನು ಶಾಲೆಯಲ್ಲಿ ಪಾಠ ಹೇಳುವವಳು, ರಜೆಯಲ್ಲಿದ್ದೆ. ಸಂಜೆ ಮಾಳಿಗೆಗೆ ನೀರು ಹೊಡೆದು, ಚಾಪೆ ಹಾಸಿ, ಊಟಕ್ಕೆ ಮುಂಚೆ ಬಿಸಿ ಮಿರ್ಚಿ ಕೊಡಬೇಕೆಂದು ಮನಸ್ಸಿನಲ್ಲಿತ್ತು. ನಲವತ್ತು ಜನ. ಕರೆಯಲು ಕಂಪ್ಲಿಗೆ ಹೋದೆ.

ಚಿಗವ್ವ ಬಾಗಿಲ ಬಳಿ ಕುಳಿತು ಐಸ್‌ಕ್ರೀಂ ಕಡ್ಡಿಗಳ ಕಟ್ಟನ್ನು ಹಲ್ಲುಗಳ ನಡುವೆ ಇಟ್ಟುಕೊಂಡಿದ್ದಳು. ಬಾಯಿ ಸಡಿಲವಾಗಲೆಂದು ಡಾಕ್ಟರು ಹೇಳಿಕೊಟ್ಟ ವ್ಯಾಯಾಮ ಅದು. ನನ್ನನ್ನು ಕಂಡು ತೆಗೆದಳು. ವಿಷಯ ಹೇಳಿದೆ.

"ನಾ ಬರಂಗಿಲ್ಲ ತಂಗಿ. ನೀವು ಎಲ್ಲಾರು ಚಂದಾಗಿ ಮಾಡ್ರಿ."

"ನಲವತ್ತು ಮಂದಿಗೆ ಮಿರ್ಚಿ ಮಾಡಾಕ ನಂಗೆಲ್ಲಿ ಬರ್ತದ ಚಿಗವ್ವ? ನಾ ಮಾಡಿದ್ರ ಹಿಟ್ಟು ಒಂದು ಕಡಿಗೆ, ಕಾಯಿ ಒಂದು ಕಡಿಗೆ ಆಗ್ತದ. ನೀ ಬಂದು ಕುಂತು ಹೇಳಿಕೊಡು, ಸಾಕು."

ಅವಳು ಕಡ್ಡಿಗಳನ್ನು ಸೆರಗಿನಿಂದ ಒರೆಸಿ ಪಕ್ಕಕ್ಕಿಟ್ಟಳು. ಅದು ನಾನು ಮಾಡಿದ ಹೂಟವೆಂದು ಅವಳಿಗೆ ತಿಳಿದಿರಬೇಕು. ಆದರೆ ನನ್ನ ಅಡುಗೆ ಎಂಥದೆಂಬುದೂ ಅವಳಿಗೆ ಗೊತ್ತಿತ್ತು.

"ಕೆಲಸಕ್ಕಾದ್ರ ಬರ್ತೀನಿ. ಉಣ್ಣಾಕ ಅಂತ ಕರಿಬ್ಯಾಡ," ಎಂದಳು.

ಹಿಂದಿನ ದಿನವೇ ಬಂದಿಳಿದಳು. ಕೈಚೀಲದಲ್ಲಿ ಒಂದು ಸೀರೆ, ಕಡ್ಡಿಗಳ ಕಟ್ಟು, ಬಂಡಿಯ ಕಾಲದ ಸಣ್ಣ ಚಾಕು. ಭಾನುವಾರ ಬೆಳಿಗ್ಗೆ ಬಿಸಿಲೇರುವ ಮೊದಲೇ ಮಾರ್ಕೆಟ್ಟಿಗೆ ಹೋದೆವು. ಮುಖದ ಎಡಭಾಗಕ್ಕೆ ಸೆರಗು ಎಳೆದುಕೊಂಡೇ ನಡೆದಳು. ಆದರೆ ಮೆಣಸಿನಕಾಯಿಯ ಗುಡ್ಡೆಯ ಮುಂದೆ ನಿಂತ ಮೇಲೆ ಸೆರಗು ಎಲ್ಲಿ ಹೋಯಿತೋ ಅವಳಿಗೇ ಗೊತ್ತಿಲ್ಲ. ಎರಡೂ ಕೈ ಹಾಕಿ ಕಾಯಿ ಆರಿಸತೊಡಗಿದಳು. ಡೊಂಕಾದದ್ದು ಬೇಡ, ಸೀಳುವಾಗ ಹರಿಯುತ್ತದೆ. ತೊಟ್ಟು ಬಾಡಿದ್ದು ಬೇಡ, ಹಿಡಿದು ಅದ್ದಲು ಬರುವುದಿಲ್ಲ. ಅಂಗಡಿಯವನು, "ಯವ್ವಾ, ಹಿಂಗ ಒಂದೊಂದ ಆರಿಸಿದ್ರ ಸಂಜಿ ಆಗ್ತದ" ಎಂದ. "ಆಗ್ಲಿ ಬಿಡಪ್ಪ, ನಿಂದೇನು ಬಸ್ಸು ಹೋಗ್ತೈತೇನು?" ಎಂದಳು. ಆಪರೇಷನ್ ಆದ ಮೇಲೆ ಅವಳು ಹೊರಗಿನವರ ಜೊತೆ ಹೀಗೆ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಮನೆಗೆ ಬಂದು ಫ್ಯಾನಿನ ಕೆಳಗೆ ಕುಳಿತೆವು. ಕಾಯಿಯ ಹೊಟ್ಟೆಗೆ ಒಂದೇ ಗೀಟು ಹಾಕಿ, ಹೆಬ್ಬೆರಳಿನಿಂದ ಬಿಡಿಸಿ, ಬೀಜದ ತಿರುಳನ್ನು ಒಂದೇ ಎಳೆತಕ್ಕೆ ತೆಗೆಯುವಳು. ನಾನು ಎರಡು ಮುಗಿಸುವಷ್ಟರಲ್ಲಿ ಅವಳದು ಏಳೆಂಟು ಆಗಿರುತ್ತಿತ್ತು. ಹೂರಣಕ್ಕೆ ಪುಟಾಣಿ ಎನ್ನುವ ಹುರಿಗಡಲೆಯ ಪುಡಿ, ಅಜವಾನ, ಹುಣಸೆ ರಸ, ಉಪ್ಪು, ಚೂರು ಬೆಲ್ಲ. ಕಲಸಿ ಮೂಗಿನ ಹತ್ತಿರ ಹಿಡಿದಳು. ಆಮೇಲೆ ನನ್ನ ಕಡೆ ಚಾಚಿದಳು.

"ನೋಡು, ಹ್ಯಾಂಗೈತಿ?"

"ಚಲೋ ಐತಿ."

"ಚಲೋ ಅಂದ್ರ ಏನಲೇ? ಹುಳಿ ಮೊದ್ಲು ಬರ್ತದೋ, ಉಪ್ಪು ಮೊದ್ಲು ಬರ್ತದೋ?"

ನಾನು ಮತ್ತೆ ನೆಕ್ಕಿ ನೋಡಿದೆ. ಇಷ್ಟು ವರ್ಷ ತಿಂದಿದ್ದೆ, ಯಾವುದು ಮೊದಲು ಬರುತ್ತದೆಂದು ಒಮ್ಮೆಯೂ ಯೋಚಿಸಿರಲಿಲ್ಲ. "ಉಪ್ಪು" ಎಂದೆ. ಅವಳು ಇನ್ನೊಂದಿಷ್ಟು ಹುಣಸೆ ರಸ ಬಿಟ್ಟಳು. ಮತ್ತೆ ಚಾಚಿದಳು. "ಈಗ ಹುಳಿ." "ಗಂಟಲಾಗ ಏನು ಉಳೀತು?" "ಅಜವಾನ." ಆಗ ತಲೆಯಾಡಿಸಿದಳು. ರುಚಿ ನೋಡಲಾಗದವಳು ನನ್ನ ನಾಲಿಗೆಯನ್ನು ಎರವಲು ತೆಗೆದುಕೊಂಡು ತನ್ನ ಲೆಕ್ಕಕ್ಕೆ ತಂದುಕೊಂಡಿದ್ದಳು.

ಎಲ್ಲ ಸರಿಯಾಗಿ ನಡೆಯುತ್ತಿತ್ತು. ಕೆಡಿಸಿದವಳು ನಾನೇ. ಮಧ್ಯಾಹ್ನ ಎರಡರ ಹೊತ್ತಿಗೆ, ಅವಳ ಬಗ್ಗೆ ಬಹಳ ಯೋಚಿಸಿದವಳ ಹಾಗೆ ಹೇಳಿದೆ:

"ಚಿಗವ್ವ, ನಿಂಗ ಬ್ಯಾರೆ ಗಂಜಿ ಮಾಡಿ ಡಬ್ಬ್ಯಾಗ ಇಟ್ಟೀನಿ. ಸಂಜಿಗೆ ಮಂದಿ ಮ್ಯಾಲ ಇರ್ತಾರ. ನೀ ಒಳಗಿನ ಕ್ವಾಣ್ಯಾಗ ಆರಾಮಾಗಿ ಕುಂತು ಉಣ್ಣು, ಯಾರೂ ಬರಂಗಿಲ್ಲ."

ಅವಳ ಚಾಕು ನಿಂತಿತು. ಮುಖ ಎತ್ತಲಿಲ್ಲ. ಕೈಯಲ್ಲಿದ್ದ ಕಾಯಿಯನ್ನು ಪೂರ್ತಿ ತುಂಬಿ, ತಟ್ಟೆಯಲ್ಲಿಟ್ಟು, ಎದ್ದು ಹೋಗಿ ಕೈ ತೊಳೆದಳು. ಒರೆಸಿಕೊಳ್ಳುತ್ತಾ ಕೇಳಿದಳು: "ಕಂಪ್ಲಿ ಬಸ್ಸು ಎಷ್ಟೊತ್ತಿಗೈತಿ?"

"ಯಾಕ ಚಿಗವ್ವ?"

"ಹಿಟ್ಟು ಕಲಸೋದು ನಿಂಗ ಹೇಳೀನಲ್ಲ. ಇನ್ನು ನಂದೇನು ಕೆಲಸೈತಿ? ಬಾಗಿಲ ಹಾಕ್ಕೊಂಡು ಗಂಜಿ ಕುಡಿಯಾಕ ನಮ್ಮನಿ ಸಾಕು."

ಬಾ ಬಾ ಎಂದು ಕರೆತಂದು, ದುಡಿಸಿಕೊಂಡು, ಉಣ್ಣುವ ಹೊತ್ತಿಗೆ ಬಾಗಿಲ ಹಿಂದೆ ಕೂರಿಸಲು ಹೊರಟಿದ್ದೆ. ಅವಳ ನಾಚಿಕೆಗಿಂತ ಹೆಚ್ಚಾಗಿ ನನ್ನ ಮುಜುಗರವನ್ನು ಮುಚ್ಚಿಡಲು ಆ ಡಬ್ಬಿ ತುಂಬಿದ್ದೆ ಎಂಬುದು ಆ ಕ್ಷಣ ಹೊಳೆಯಿತು. ನೆಂಟರು ಅವಳನ್ನು ನೋಡಿ ಊಟ ಬಿಡುತ್ತಾರೇನೋ ಎಂಬ ಅಂಜಿಕೆ ನನಗೂ ಇತ್ತು. ಸುಳ್ಳು ಹೇಳಲು ಬಾಯಿ ಬರಲಿಲ್ಲ.

"ತಪ್ಪಾತು ಚಿಗವ್ವ. ನಿನ್ನ ಕೇಳಬೇಕಿತ್ತು."

"ಹೂಂ, ಕೇಳಬೇಕಿತ್ತು."

"ಈಗ ಕೇಳ್ತೀನಿ. ನೀ ಏನು ತಿಂತಿ? ಏನು ತಿನ್ನಬೇಕು ಅನಸ್ತದ?"

ಅವಳು ಅಡುಗೆಮನೆಯ ಹೊಸ್ತಿಲ ಮೇಲೆ ಕುಳಿತಳು. ಕಣ್ಣು ತುಂಬಿದ್ದವು, ಆದರೆ ದನಿ ಗಟ್ಟಿಯಿತ್ತು. ಆಪರೇಷನ್ ಆದಾಗಿನಿಂದ ಎಲ್ಲರೂ ಏನು ತಿನ್ನಬಾರದು ಎಂದೇ ಹೇಳಿದ್ದಾರೆ, ಏನು ಬೇಕು ಎಂದು ಯಾರೂ ಕೇಳಿಲ್ಲ ಎಂದಳು. ಗಂಜಿ, ರವೆ, ಮಿದ್ದ ಬಾಳೆಹಣ್ಣು ಸಾಕಾಗಿದ್ದವು. ಖಾರ ಬೇಡ, ಹುಳಿ ಬೇಡ, ಬಿಸಿ ಬೇಡ, ಒಣದು ಬೇಡ. ಆದರೆ ತಿನಿಸು ತಿನಿಸಿನ ಹಾಗಿರಬೇಕು. ಕೈಯಲ್ಲಿ ಹಿಡಿಯುವಂತಿರಬೇಕು. ಅದನ್ನು ಹೇಳುವಾಗ ಹೆಬ್ಬೆರಳು, ತೋರುಬೆರಳು ಕೂಡಿಸಿ ತೋರಿಸಿದಳು.

ಬುಟ್ಟಿಯಲ್ಲಿ ಎಳೆ ಹೀರೇಕಾಯಿ ಇದ್ದವು, ಮರುದಿನದ ಪಲ್ಯಕ್ಕೆಂದು ತಂದದ್ದು. ಅವಳ ಕಣ್ಣು ಅಲ್ಲಿ ನಿಂತಿತು. "ಇವನ್ನ ತುಂಬಿದ್ರ?" ಎಂದಳು.

ನೆನೆಸಿದ ಹೆಸರುಬೇಳೆಯನ್ನು ನುಣ್ಣಗೆ ರುಬ್ಬಿ, ಎಳೆ ಕೊಬ್ಬರಿ, ಉಪ್ಪು, ತುಪ್ಪ ಹಾಕಿದೆವು. ಹೀರೇಕಾಯಿಯ ಸಿಪ್ಪೆ ಹೆರೆದು, ಅರ್ಧ ಬೆರಳುದ್ದದ ತುಂಡು ಮಾಡಿ, ತಿರುಳು ತೋಡಿ, ಹೂರಣ ತುಂಬಿ, ಇಡ್ಲಿ ತಟ್ಟೆಯ ಒಂದೊಂದು ಗುಳಿಯಲ್ಲಿ ಒಂದೊಂದನ್ನು ನಿಲ್ಲಿಸಿ ಹಬೆಗಿಟ್ಟೆವು. ಮೊದಲ ಸಲ ತೆಗೆದಾಗ ಹೂರಣವೆಲ್ಲ ಉಬ್ಬಿ ಹೊರಗೆ ಚೆಲ್ಲಿತ್ತು. ಎರಡನೆಯ ಸಲ ಅವಳು ಮುಕ್ಕಾಲು ಭಾಗ ಮಾತ್ರ ತುಂಬಿಸಿದಳು. ಆರಿಸಿ, ಮೇಲೆ ಸಿಹಿ ಗಟ್ಟಿ ಮೊಸರು ಹಾಕಿದೆ. ಒಂದನ್ನು ಬಲಗಡೆಯಿಂದ ಬಾಯಿಗಿಟ್ಟುಕೊಂಡಳು. ಬಹಳ ಹೊತ್ತಾಯಿತು. ನುಂಗಿದಳು.

"ಆಗ್ತೈತಿ," ಎಂದಳು. "ಇನ್ನೂ ಮಾಡು. ನನಗೊಬ್ಬಾಕಿಗೆ ಅಂತ ಮಾಡಬ್ಯಾಡ, ಎಲ್ಲಾರಿಗೂ ಮಾಡು. ಒಂದ ತಟ್ಟ್ಯಾಗ ಇಡು."

ನೆರೆಮನೆಯಿಂದಲೂ ಹೀರೇಕಾಯಿ ತರಿಸಿ, ಐದು ಗಂಟೆಯವರೆಗೆ ಹಬೆಯ ಮುಂದೆ ಬೆವರಿಳಿಸಿದೆವು.

ಬಿಸಿಲು ಇಳಿದ ಮೇಲೆ ಎಲ್ಲರೂ ಮಾಳಿಗೆಗೆ ಬಂದರು. ನೀರು ಹೊಡೆದಿದ್ದರೂ ನೆಲ ಇನ್ನೂ ಬೆಚ್ಚಗಿತ್ತು. ನಮ್ಮ ಸೋದರಮಾವ, ಯಶವಂತನಗರದ ಗಣಿಯಲ್ಲಿ ಟಿಪ್ಪರ್ ಓಡಿಸುವವನು, ಪಾಳಿ ಮುಗಿಸಿ ಕಂಪನಿ ಬಸ್ಸಿಳಿದು ನೇರ ಬಂದಿದ್ದ. ಚಿಗವ್ವನಿಗೆ ಅವನೊಬ್ಬನೇ ಅಣ್ಣ. ಆಪರೇಷನ್ ಆದ ದಿನ ವಾರ್ಡಿನಲ್ಲಿ ಅವಳ ಮುಖ ನೋಡಿ ಹೊರಗೆ ಹೋದವನು, ಮತ್ತೆ ಅವಳ ಎದುರು ಕುಳಿತು ಮಾತಾಡಿರಲಿಲ್ಲ. ದುಡ್ಡು ಕಳಿಸುವನು, ಫೋನು ಮಾಡುವನು, ಬರುತ್ತಿರಲಿಲ್ಲ.

ಮೂಲೆಯ ಗ್ಯಾಸ್ ಒಲೆಯ ಮುಂದೆ ಚಿಗವ್ವ ಸ್ಟೂಲಿನ ಮೇಲೆ ಕುಳಿತು ಮಿರ್ಚಿ ಬಿಟ್ಟಳು. ಮೊದಲ ಗಾಣ, ಅಂದರೆ ಒಂದು ಸಲ ಎಣ್ಣೆಗೆ ಬಿಟ್ಟಷ್ಟು ಮಿರ್ಚಿ, ಇಳಿಯುತ್ತಿದ್ದಂತೆ ಹಿರಿಯರೆಲ್ಲ ಸುತ್ತ ಬಂದು ನಿಂತರು. "ಮಸ್ತ್ ಆಗೈತಿ ಬಿಡು, ಅದಽ ಬಂಡಿ ರುಚಿ" ಎಂದು ನಮ್ಮ ತಾಯಿ ಮೂಗು ಒರೆಸಿಕೊಳ್ಳುತ್ತಾ ಹೇಳಿದಳು. ಮಕ್ಕಳಿಗೆ ಮಿರ್ಚಿ ಖಾರ. ಅವು ಪಕ್ಕದ ಹೀರೇಕಾಯಿ ತಟ್ಟೆಗೆ ಮುತ್ತಿದವು. ಹಲ್ಲಿಲ್ಲದ ನಮ್ಮ ದೊಡ್ಡಪ್ಪ ನಾಲ್ಕು ತಿಂದ. ನಾನು ಹಿಟ್ಟು ತರಲು ಕೆಳಗೆ ಹೋಗಿ ಬರುವಷ್ಟರಲ್ಲಿ ತಟ್ಟೆಯಲ್ಲಿ ಐದೇ ಉಳಿದಿದ್ದವು. ಓಡಿ ಹೋಗಿ ಮುಚ್ಚಿಟ್ಟೆ. ಚಿಗವ್ವ ಕರಿಯುವ ಝಾರಿ ಸೌಟು ಹಿಡಿದೇ ನಗುತ್ತಿದ್ದಳು. ನಗುವಾಗ ಬಾಯಿ ಒಂದು ಕಡೆಗೆ ಎಳೆಯುತ್ತದೆ. ಅದನ್ನು ಮುಚ್ಚಿಕೊಳ್ಳಲು ಕೈ ಬಿಡುವಿರಲಿಲ್ಲ.

ಕಡೆಯ ಗಾಣ ಮುಗಿಸಿ ಅವಳು ಚಾಪೆಯ ಅಂಚಿಗೆ ಬಂದು ಕುಳಿತಳು. ಅವಳ ಮುಂದೆ ಆ ಐದು ತುಂಡು ಇಟ್ಟೆ. ಹೆಗಲ ಮೇಲೆ ಒಂದು ಟವೆಲ್ ಹಾಕಿಕೊಂಡು ತಿನ್ನತೊಡಗಿದಳು. ಮೊಸರು ಎಡಗಡೆ ಇಳಿಯಿತು, ಒರೆಸಿಕೊಂಡಳು. ಹತ್ತಿರದವರು ಮಾತು ನಿಲ್ಲಿಸಿದ್ದು ನನಗೆ ಕೇಳಿಸಿತು. ಅಷ್ಟರಲ್ಲಿ ನನ್ನ ಅಕ್ಕನ ಮಗಳು, ಐದು ವರ್ಷದವಳು, ಎದುರಿಗೆ ಬಂದು ಕುಕ್ಕರುಗಾಲಲ್ಲಿ ಕುಳಿತಳು.

"ಅಜ್ಜಿ, ಯಾಕ ಹಂಗ ತಿಂತಿ?"

ಅಕ್ಕ ಅವಳ ರಟ್ಟೆ ಹಿಡಿದು ಎಳೆಯಲು ಹೋದಳು. ಚಿಗವ್ವ ಕೈಯಿಂದಲೇ ತಡೆದಳು.

"ನನ್ನ ಬಾಯಿ ಬಾಗ್ಲಾ ಸಣ್ಣದು ಮಾಡ್ಯಾರವ್ವ ಡಾಕ್ಟ್ರು. ಒಳಗ ಹೋಗಾಕ ಹೊತ್ತು ಹಿಡಿತೈತಿ."

"ನೋಯ್ತದೇನು?"

"ಮೊದ್ಲು ನೋಯ್ತಿತ್ತು. ಈಗ ಬರೇ ಲೇಟಾಗ್ತದ."

ಹುಡುಗಿ ತಲೆಯಾಡಿಸಿ, ಒಂದು ತುಂಡು ತನಗೆ ಕೊಡುತ್ತೀಯಾ ಎಂದು ಕೇಳಿದಳು. ಕೊಟ್ಟಳು. ಅವಳ ಪಾಲಿಗೆ ನಾಲ್ಕೇ ಆದವು.

ಜನ ಕೈ ತೊಳೆದುಕೊಂಡು ಗಾಳಿಗೆ ಮಾಳಿಗೆಯ ಅಂಚಿನ ಕಟ್ಟೆಯ ಕಡೆ ಹೋದರು. ಮಾವ ಮಾತ್ರ ಎದ್ದು ಬಂದು ತಂಗಿಯ ಮುಂದೆ ಕುಳಿತ. ಒಂದು ಮಿರ್ಚಿ ಕೈಯಲ್ಲಿ ಹಿಡಿದು ಚೂರುಚೂರು ಮುರಿದು ತಿನ್ನತೊಡಗಿದ. ಅವನು ಎರಡು ತುತ್ತಿಗೆ ಒಂದು ಮಿರ್ಚಿ ಮುಗಿಸುವವನು. ಅವಳ ತಟ್ಟೆ ಖಾಲಿಯಾಗುವವರೆಗೂ ಆ ಒಂದನ್ನೇ ತಿನ್ನುತ್ತಿದ್ದ. ಕೊನೆಗೆ ಹೇಳಿದ, "ನಾ ಬರಬೇಕಿತ್ತು. ನಿನ್ನ ನೋಡಾಕ ನಂಗ ಧೈರ್ಯ ಸಾಲಲಿಲ್ಲವ್ವ."

"ಈಗ ನೋಡೀಯಲ್ಲ," ಎಂದಳು ಚಿಗವ್ವ. "ನೀರು ಕೊಡು ಇತ್ತಾಗ."

ಅವನು ಎದ್ದು, ಲೋಟ ತೊಳೆದು, ಮಡಕೆಯ ನೀರು ತಂದು ಕೊಟ್ಟ. ಇಬ್ಬರೂ ಕತ್ತಲಾಗುವವರೆಗೆ ತಮ್ಮ ಚಿಕ್ಕಂದಿನ ಯಾವುದೋ ಎಮ್ಮೆಯ ಬಗ್ಗೆ ಜಗಳವಾಡುತ್ತಾ ಕುಳಿತಿದ್ದರು.

ಅಂದಿನಿಂದ ಎಲ್ಲವೂ ಸರಿಹೋಯಿತೆಂದು ಹೇಳಲಾರೆ. ಮಳೆಗಾಲದಲ್ಲಿ ದರೋಜಿಯ ಒಂದು ತೊಟ್ಟಿಲ ಕಾರ್ಯಕ್ಕೆ ಹೋದಾಗ, ಸಾಲಿನಲ್ಲಿ ಪಕ್ಕದ ಹೆಂಗಸು ಎಲೆ ಎತ್ತಿಕೊಂಡು ಬೇರೆ ಕಡೆ ಹೋಗಿ ಕುಳಿತಳಂತೆ. ಚಿಗವ್ವ ಅರ್ಧಕ್ಕೆ ಎದ್ದು ಬಂದು ಎರಡು ತಿಂಗಳು ಎಲ್ಲಿಗೂ ಹೋಗಲಿಲ್ಲ. ದೀಪಾವಳಿಗೆ ಮಾವ ಸಂಡೂರಿನ ತನ್ನ ಮನೆಗೆ ಕರೆದ. ಹೋಗುವ ಮೊದಲು ನನಗೆ ಫೋನು ಮಾಡಿದಳು.

"ಹೋಗ್ತೀಯೇನು ಚಿಗವ್ವ?"

"ಹೋಗ್ತೀನಿ. ಅವರ ಮನ್ಯಾಗ ಏನು ಅಡಿಗಿ ಮಾಡಬೇಕು ಅಂತ ನಾನಽ ಹೇಳೀನಿ."

ಮೂರು ದಿನ ಅಲ್ಲಿದ್ದು ಬಂದಳು.