ಖಾರದ ಚಾಳೀಸು

ಹೆಸರಿಗೆ ಸುಲಭಾ, ಸ್ವಭಾವ ಮಾತ್ರ ಅಷ್ಟು ಸುಲಭದ್ದಲ್ಲ. ಹಾವೇರಿಯಲ್ಲಿ ಇಪ್ಪತ್ತು ವರ್ಷದಿಂದ ಕನ್ನಡಕದ ಅಂಗಡಿ ನಡೆಸುವ ಈಕೆಗೆ ಹತ್ತು ಗಂಟೆ ಎಂದರೆ ಹತ್ತೇ. ದೇವರಗುಡ್ಡದ ಮುದುಕರಿಗೆ ಪುಕ್ಕಟೆ ಕನ್ನಡಕ ಹಂಚಬೇಕೆಂದು ಎರಡು ವರ್ಷ ಅಲೆದಿದ್ದಳು. ಚಾಳೀಸು ಹಾಕಿದರೆ ಇದ್ದ ಕಣ್ಣೂ ಹೋಗುತ್ತದೆಂದು ಹೆದರಿದ್ದವರನ್ನು ಕಾಡಿ ಬೇಡಿ ಒಪ್ಪಿಸಿ, ಕಣ್ಣು ಪರೀಕ್ಷೆ ಮಾಡಿ ಬಂದಿದ್ದಳು. ಹಂಚುವ ದಿನ ಸಣ್ಣ ಎಡವಟ್ಟಾದರೂ ಅವರು ಮತ್ತೆ ಹತ್ತಿರ ಸುಳಿಯುವುದಿಲ್ಲವೆಂದು ಗೊತ್ತಿತ್ತು. ಎಡವಟ್ಟಾಗಲು ಬಿಡುವವಳಲ್ಲ ತಾನು ಎಂಬ ಜಂಬವೂ ಇತ್ತೆನ್ನಿ.

ಹಂಚುವ ದಿನವೇ ಬ್ಯಾಡಗಿ ಮೆಣಸಿನಕಾಯಿ ಮಾರ್ಕೆಟ್ಟಿನ ಮುಂದೆ ಕನ್ನಡಕದ ಪೆಟ್ಟಿಗೆ ಹೊತ್ತ ವ್ಯಾನು ಕೆಟ್ಟು ನಿಂತಿತು.

“ಒಂದ್ ತಾಸು ತಡೀರಿ ಅಕ್ಕಾರ, ಬ್ಯಾರೆ ಗಾಡಿ ತರಸ್ತೇನಿ,” ಎಂದ ಡ್ರೈವರ್ ಮೈಲೇಶ.

ಅಕ್ಕಾರು ಕೇಳಬೇಕಲ್ಲ! ಮಾಲು ಇಳಿಸಿ ರಾಣೆಬೆನ್ನೂರಿನ ಮೇಲೆ ದೇವರಗುಡ್ಡದತ್ತ ಹೊರಟಿದ್ದ ಪಿಕಪ್ಪಿಗೆ ಪೆಟ್ಟಿಗೆ ಹೇರಿಸಿ, ಮೈಲೇಶನನ್ನೂ ಹತ್ತಿಸಿದಳು. ಅದು ರಾಣೆಬೆನ್ನೂರಿನ ಬೀಜದ ಗೋದಾಮಿನ ಮುಂದೆ ಎರಡು ತಾಸು ನಿಂತುಬಿಟ್ಟಿತು. ಸುಮ್ಮನೆ ಕೂರುವ ಜಾಯಮಾನವಲ್ಲ ಅವಳದು. ಗಾಡಿಯಲ್ಲಿದ್ದ ಖಾಲಿ ಚೀಲಗಳ ಮೇಲೆ ಕನ್ನಡಕಗಳನ್ನೆಲ್ಲ ಹರಡಿ ನಂಬರಿನ ಪ್ರಕಾರ ಜೋಡಿಸತೊಡಗಿದಳು.

“ಅಕ್ಕಾರ, ಅವು ಮೆಣಸಿನಕಾಯಿ ಚೀಲರಿ.”

“ಬ್ಯಾಡಗಿ ಕಾಯಿಗೆ ಬಣ್ಣ ಇರತೈತಿ, ಖಾರ ಎಲ್ಲೈತಿ? ನೀ ಸುಮ್ನಿರು.”

ದೇವರಗುಡ್ಡ ಮುಟ್ಟಿದಾಗ ಮಧ್ಯಾಹ್ನ. ಶಾಲೆಯ ಅಂಗಳದಲ್ಲಿ ಜನ ಕಾದು ಕೂತಿದ್ದರು. ಮೊದಲು ಕನ್ನಡಕ ಏರಿಸಿದವಳು ಗುತ್ತೆವ್ವ, ಬ್ಯಾಡಗಿಯಲ್ಲಿ ಮೂವತ್ತು ವರ್ಷ ಮೆಣಸಿನಕಾಯಿಯ ತೊಟ್ಟು ಬಿಡಿಸಿದ ಮುದುಕಿ. ಕೈಯಿಂದ ಅದನ್ನು ಸರಿಪಡಿಸಿ, ಅದೇ ಕೈಯಲ್ಲಿ ಕಣ್ಣುಜ್ಜಿಕೊಂಡಳು. “ಸತ್ನೆಪ್ಪೋ!” ಎಂದು ಚೀರಿದಳು. ಕಣ್ಣಲ್ಲಿ ದಳದಳ ನೀರು.

“ಕಣ್ಣ ಹೋಗತಾವಂತ ಹೇಳಿದ್ವಿಲ್ಲ!” ಎನ್ನುತ್ತ ಹಿಂದೆ ಕೂತವರು ಎದ್ದು ಗೇಟಿನತ್ತ ನಡೆದರು.

ಸುಲಭಾ ಓಡಿ ಅವರಿಗೆ ಅಡ್ಡ ನಿಂತಳು. ಎಲ್ಲರೆದುರು ಕೈಮುಗಿದಳು. “ತಪ್ಪು ನಂದರಿ. ಮೆಣಸಿನಕಾಯಿ ಚೀಲದ ಮ್ಯಾಲೆ ನಾನ ಹರವಿದ್ದೆ. ಮೈಲೇಶ ಬ್ಯಾಡ ಅಂದ್ರೂ ಕೇಳಲಿಲ್ಲ.” ಅವಳ ಬಾಯಿಂದ ಇಂಥ ಮಾತು ಮೈಲೇಶ ಕೇಳಿದ್ದು ಅದೇ ಮೊದಲು.

ಗುತ್ತೆವ್ವ ಕಣ್ಣು ತೊಳೆದು ಬಂದು ಕನ್ನಡಕ ಮೂಸಿದಳು. “ಇದು ನಮ್ಮ ಬ್ಯಾಡಗಿ ಅಲ್ಲವ್ವಾ, ಗುಂಟೂರು ಕಾಯಿ, ಬೆಂಕಿಯಂಥಾ ಖಾರ.” ಸುಲಭಾ ನೀರಿನ ಬಕೆಟ್ಟಿಗೆ ಕೈಹಾಕಿದರೆ ತಡೆದಳು. “ಬರೇ ನೀರಿಗೆ ಖಾರ ಬಿಡೂದಿಲ್ಲ. ಮೊದಲ ಎಣ್ಣಿ ಹಚ್ಚು, ಆಮ್ಯಾಲೆ ಸಬಕಾರ.” ತೊಟ್ಟು ಬಿಡಿಸುವ ಹೆಂಗಸರು ದಿನಾ ಸಂಜೆ ಕೈ ತೊಳೆಯುವುದು ಹಾಗೇ ಅಂತೆ. ಸುಲಭಾ ಅವಳ ಪಕ್ಕ ಕುಕ್ಕರಗಾಲಲ್ಲಿ ಕೂತು, ಹೇಳಿದಂತೆ ಒಂದೊಂದಕ್ಕೂ ಎಣ್ಣೆ ಹಚ್ಚಿ ಸಾಬೂನಿನಿಂದ ಉಜ್ಜಿ ತೊಳೆದಳು. ಗೇಟಿನ ಹತ್ತಿರ ಜನ ನಿಂತು ನೋಡುತ್ತಿದ್ದರು.

ಆದರೆ ಈಗ ಹಾಕಿಕೊಳ್ಳುವವರು ಯಾರು? ಗುತ್ತೆವ್ವನೇ ಕೈಚಾಚಿದಳು. ಅವಳ ಕಣ್ಣು ಇನ್ನೂ ಕೆಂಪಗಿತ್ತು.

“ಬ್ಯಾಡ ಅಜ್ಜಿ, ಮತ್ತ ಉರಿದ್ರ?”

“ಉರಿದ್ರ ಮತ್ತ ತೊಳಿಯೂಣು. ಏಳುಕೋಟಿ!” ಎಂದು ಮೈಲಾರಲಿಂಗನನ್ನು ನೆನೆದು ಏರಿಸಿಯೇಬಿಟ್ಟಳು.

ಸುಲಭಾ ಬೆರಗಾಗಿ ನಿಂತಳು. ಒಮ್ಮೆ ಸುಟ್ಟದ್ದನ್ನೇ ಮತ್ತೆ ಕಣ್ಣಿಗೆ ಇಟ್ಟುಕೊಳ್ಳುವಷ್ಟು ನಂಬಿಕೆ ಈ ಮುದುಕಿಗೆ ಎಲ್ಲಿಂದ ಬಂತು? ಅದರ ಮುಂದೆ ತನ್ನ ಗಡಿಯಾರ, ಪಟ್ಟಿ, ಎರಡು ವರ್ಷದ ಓಡಾಟ ಯಾವುದೂ ಲೆಕ್ಕಕ್ಕಿಲ್ಲವೆನಿಸಿತು.

ಗುತ್ತೆವ್ವ ರೆಪ್ಪೆ ಬಡಿದು ಅವಳ ಮುಖವನ್ನೇ ದಿಟ್ಟಿಸಿದಳು. “ಯಾಕವ್ವಾ, ಅಳಾಕತ್ತೀಯಲ್ಲ?”

“ಖಾರದ ಘಾಟು ಅಜ್ಜಿ.”

“ಮೂವತ್ತು ವರ್ಷ ಖಾರದ ಕಣ್ಣೀರು ನೋಡೇನಿ. ಇದು ಅದಲ್ಲ ಬಿಡು. ಸ್ವಚ್ಛ ಕಾಣಾಕತ್ತೈತಿ ನನಗ.”

ಗೇಟಿನ ಕಡೆಯಿಂದ ಯಾರೋ ಅಜ್ಜಿಯ ಏಳುಕೋಟಿಗೆ ಓಗೊಟ್ಟು “ಚಾಂಗಮಲೋ!” ಎಂದರು. ಹೋದವರು ಒಬ್ಬೊಬ್ಬರಾಗಿ ಹಿಂದಿರುಗಿ ಬಂದು ಸಾಲಿನಲ್ಲಿ ಕೂತರು.