ನಾನು ತುಟಿ ಹಚ್ಚದ ಬಟ್ಟಲು

ಮೊದಲ ಸಲ ರಕ್ತ ಬಿದ್ದದ್ದು ಒಂದು ಭಾನುವಾರ, ಸಿರುಗುಪ್ಪದ ನಮ್ಮ ಪುಟ್ಟ ಚರ್ಚಿನಲ್ಲಿ ರೊಟ್ಟಿ, ದ್ರಾಕ್ಷಾರಸದ ಕರ್ತನ ಭೋಜನ ಮುಗಿಸಿ ಹೊರಗೆ ಬಂದಾಗ. ಕೆಮ್ಮಿದೆ. ಸೆರಗಿನ ಮೇಲೆ ಕೆಂಪು ಕಲೆ. ದ್ರಾಕ್ಷಾರಸವೆಂದೇ ತಿಳಿದೆ. ಎರಡನೆಯ ಸಲ ಕೆಮ್ಮಿದಾಗ ಆ ಸಮಾಧಾನವೂ ಹೋಯಿತು.

ನಮ್ಮ ಸಭೆಯಲ್ಲಿ ಎಲ್ಲರಿಗೂ ಒಂದೇ ಬಟ್ಟಲು. ಸಾಲಾಗಿ ಮೊಣಕಾಲೂರಿ, ಒಬ್ಬರಾದ ಮೇಲೆ ಒಬ್ಬರು ಕುಡಿಯುತ್ತೇವೆ. ಆ ದಿನ ನನ್ನ ನಂತರ ಕುಡಿದವಳು ತಮ್ಮನ ಹೆಂಡತಿ ರತ್ನಮ್ಮ. ಐದು ತಿಂಗಳ ಬಸುರಿ.

ಬಳ್ಳಾರಿಯ ಡಾಕ್ಟರು ಎಕ್ಸ್‌ರೇ ನೋಡಿ, "ಟಿ.ಬಿ." ಎಂದರು.

ನಾನು ಬದುಕುತ್ತೇನೆಯೇ ಎಂದು ಕೇಳಲಿಲ್ಲ.

"ಒಂದೇ ಬಟ್ಟಲಿನ್ಯಾಗ ಕುಡಿದವರಿಗೆ ಬರ್ತೈತೇನ್ರಿ?"

"ಕೆಮ್ಮಿನಿಂದ ಬರ್ತೈತಮ್ಮಾ. ಬಟ್ಟಲಿನಿಂದ ಬರಂಗಿಲ್ಲ ಅಂತ ಹೇಳಾಕ ಆಗಂಗಿಲ್ಲ. ತಾಟು, ಲೋಟ ಎಲ್ಲಾ ಬ್ಯಾರೆ ಇಟ್ಕೊರ್ರಿ."

ಎಂಟು ತಿಂಗಳು ವಾರ್ಡಿನಲ್ಲಿ ಬೆಡ್ ರೆಸ್ಟ್. ಇಂಜೆಕ್ಷನ್ ಮದ್ರಾಸಿನಿಂದ ಬರಬೇಕು, ಬಂದರೆ ಬಂತು. ರೋಗ ಬರುವತನಕ ಇಪ್ಪತ್ತು ವರ್ಷ ಹೊತ್ತು ಹೊತ್ತಿಗೆ ಪ್ರಾರ್ಥನೆ ಒಪ್ಪಿಸಿದವಳು ನಾನು. ನಾಲಿಗೆ ದೇವರ ಕಡೆ, ಮನಸ್ಸು ಒಲೆಯ ಮೇಲಿನ ಸಾರಿನ ಕಡೆ. ಮಲಗಿದಲ್ಲಿ ಬೇರೆ ಕೆಲಸವಿಲ್ಲದ್ದರಿಂದ ಗಮನಿಸುವುದನ್ನು ಕಲಿತೆ. ಪಕ್ಕದ ಮಂಚದ ಕುರುಗೋಡಿನ ಗೌರಮ್ಮ ನೀರು ಕೇಳಲು ನಾಚುತ್ತಾಳೆ. ಕಸ ಗುಡಿಸುವವಳು ಎಡಗಾಲು ಊರುವುದಿಲ್ಲ. ಕಂಡ ಕೂಡಲೇ ದೇವರಿಗೊಂದು ಮಾತು, ನರ್ಸಿಗೊಂದು ಮಾತು. ಇಷ್ಟೇ ನನ್ನ ಭಕ್ತಿ. ಇದಕ್ಕಿಂತ ದೊಡ್ಡದು ನನಗೆ ಬರುವುದಿಲ್ಲ, ಬೇಕಾಗಿಯೂ ಇಲ್ಲ.

ಮನೆಗೆ ಮರಳಿದಾಗ ರತ್ನಮ್ಮನ ತೊಡೆಯ ಮೇಲೆ ಹೆಣ್ಣು ಕೂಸು. ಇಬ್ಬರೂ ಚೆನ್ನಾಗಿದ್ದರು. ಎಂಟು ತಿಂಗಳ ಹೆದರಿಕೆ ಆವತ್ತು ಇಳಿಯಿತು.

ಮರುದಿನವೇ ಸಭೆಯ ಹಿರಿಯರಾದ ದೇವದಾನಪ್ಪನವರು ಬಂದರು.

"ಭಾನುವಾರ ಎಲ್ಲರ ಮುಂದ ಬಟ್ಟಲು ತಗೊಂಡು ಸಾಕ್ಷಿ ಹೇಳವಾ. ದೇವರು ಗುಣ ಮಾಡ್ಯಾನ ಅಂತ ಮಂದಿ ನೋಡ್ಲಿ."

"ಮಂದ್ಯಾಗ ಹೋಗಬಹುದು, ಆದ್ರ ಎಂಜಲು ಬ್ಯಾರೆ ಇರ್ಲಿ ಅಂದಾರ್ರಿ ಡಾಕ್ಟ್ರು."

"ಕರ್ತನ ಬಟ್ಟಲಿನ್ಯಾಗ ರೋಗ ಇರ್ತೈತೇನು? ನಿನಗ ವಿಶ್ವಾಸ ಕಮ್ಮಿ ಆಗೈತಿ."

ಮೈ ಉರಿಯಿತು. "ಬಟ್ಟಲಿನ್ಯಾಗ ಇಲ್ರಿ. ನನ್ನ ಬಾಯಾಗ ಐತಿ."

ಹಾಗಾದರೆ ಭೋಜನಕ್ಕೇ ಬರಬೇಡ ಎಂದು ಎದ್ದು ಹೋದರು. ಕರ್ತನ ಮೇಜು ಇವರಪ್ಪನ ಮನೆಯದೇ? ಹೋದೆ. ಸಾಲಿನಲ್ಲಿ ಮೊಣಕಾಲೂರಿದೆ. ಪಾಸ್ಟರು ಬಟ್ಟಲನ್ನು ತುಟಿಯ ಹತ್ತಿರ ತಂದರು. ಬಾಯಿ ಬಿಗಿದುಕೊಂಡು ಅಂಗೈ ಚಾಚಿದೆ.

"ಕುಡಿಯವಾ," ಎಂದಿತು ಹಿಂದಿನಿಂದ ದೇವದಾನಪ್ಪನವರ ದನಿ.

"ಅಯ್ಯನವರ, ನನ್ನ ಮಗ್ಗಲಾಗ ಹಾಲುಣಿಸೋ ತಾಯಿ ಕುಂತಾಳ್ರಿ," ಎಂದು ಪಾಸ್ಟರಿಗೆ ಹೇಳಿದೆ. ಚರ್ಚಿಗೆಲ್ಲ ಕೇಳಿಸಿತು.

ಪಾಸ್ಟರು ಬಟ್ಟಲನ್ನು ಹಿಂದಕ್ಕೆ ತೆಗೆದುಕೊಂಡರು. ರೊಟ್ಟಿಯ ಚೂರೊಂದನ್ನು ರಸದಲ್ಲಿ ಅದ್ದಿ ನನ್ನ ಅಂಗೈಯಲ್ಲಿಟ್ಟರು. ಆಮೇಲೆ ಬಟ್ಟಲನ್ನು ರತ್ನಮ್ಮನ ಕಡೆ ಹಿಡಿದರು.

ಅವಳೂ ಅಂಗೈ ಚಾಚಿದಳು.

ಅವಳಿಗೆ ಯಾವ ರೋಗವೂ ಇರಲಿಲ್ಲ. ನಾನು ಒಬ್ಬಳೇ ಆಗಬಾರದೆಂದು ಚಾಚಿದ ಕೈ ಅದು. ಅಳು ಬಂತು, ತಡೆಯಲಿಲ್ಲ.

ಎಕ್ಸ್‌ರೇಯಲ್ಲಿ ಒಂದು ಕಲೆ ಇನ್ನೂ ಉಳಿದಿದೆ. ತಿಂಗಳಿಗೊಮ್ಮೆ ಬಳ್ಳಾರಿಯ ಬಸ್ಸು ಹತ್ತುತ್ತೇನೆ. ಉಸಿರಾಡುತ್ತಿದ್ದೇನೆ, ದೇವರಿಗೆ ಸ್ತೋತ್ರ. ನಾನು ಸಭೆಯ ಮುಂದೆ ನಿಂತು ತಪ್ಪೊಪ್ಪಿಕೊಳ್ಳಲೆಂದು ದೇವದಾನಪ್ಪನವರು ಕಾಯುತ್ತಿದ್ದಾರೆ.

ಕಾಯಲಿ.